ಕೆ, ಎ, ಎಂ, ಆರ್: ಪದ ಹುಡುಕೋಕೆ 499 ರೂಪಾಯಿ ಕೊಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಗ್ರೆಪ್, ಕಂಪ್ಯೂಟರ್ ಕಡತದೊಳಗೆ ಹುಡುಕುವ ಒಂದು ಪುಟ್ಟ ಪ್ರೋಗ್ರಾಂ. ಬಿಟ್ಟಿ ಸಿಗುತ್ತದೆ, ಹಳೆಯದು, ನೋಡೋಕೆ ಚೆಂದ ಇಲ್ಲ. 499 ರೂಪಾಯಿ ಕೊಟ್ಟು ಒಂದು ಆ್ಯಪ್ ಕೊಂಡ ಮೇಲೆ ನನಗೆ ಈ ಬುದ್ಧಿ ಬಂತು.

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ನಾನು, ಮಗಳು ಒಂದು ಆಟ ಆಡುತ್ತೇವೆ. ಮುಂದಿನ ಗಾಡಿಯ ನಂಬರ್ ಪ್ಲೇಟ್ ನೋಡಬೇಕು, ಅದರಲ್ಲಿರುವ ಅಕ್ಷರಗಳೆಲ್ಲ ಬರುವ ಇಂಗ್ಲಿಷ್ ಪದ ಹೇಳಬೇಕು. ಹಿಂದೆ ಮುಂದೆ ಆದರೂ ಪರವಾಗಿಲ್ಲ, ನಡುವೆ ಬೇರೆ ಅಕ್ಷರ ಬಂದರೂ ಪರವಾಗಿಲ್ಲ. ಉದ್ದದ ಪದ ಹೇಳಿದವರು ಗೆದ್ದ ಹಾಗೆ. ಕರ್ನಾಟಕದ ಗಾಡಿ ಅಂದಮೇಲೆ ಕೆ ಮತ್ತು ಎ ಇದ್ದೇ ಇರುತ್ತವೆ, ಉಳಿದ ಎರಡಕ್ಕೆ ತಲೆ ಕೆಡಿಸಿಕೊಳ್ಳಬೇಕು.

ಅವತ್ತು ಬಂದದ್ದು ಎಂ ಮತ್ತು ಆರ್. ನಾನು ಮಾರ್ಕ್ ಅಂದೆ. ಅವಳು ಕ್ಯಾಮೆರಾ ಅಂದಳು. ಅದರಲ್ಲಿ ಕೆ ಎಲ್ಲಿದೆ ಪುಟ್ಟಿ, ಸಿ ಅಲ್ವಾ ಅಂದರೆ, "ಕನ್ನಡದಲ್ಲಿ ಬರೆದರೆ ಕ ಇದೆಯಲ್ಲಪ್ಪಾ" ಅಂತ ವಾದ. ಸಿಗ್ನಲ್ ಬಿಟ್ಟರೂ ವಾದ ಮುಗಿಯಲಿಲ್ಲ. ಮನೆಗೆ ಬಂದು, ಇದಕ್ಕಿಂತ ಉದ್ದದ್ದು ಏನಿರಬಹುದು ಅಂತ ಹುಡುಕೋಕೆ ಕೂತೆ.

ಆ್ಯಪ್‌ನ ಕಥೆ ಇಲ್ಲಿಂದ ಶುರು. ಮೂರು ದಿನ ಉಚಿತ, ಆಮೇಲೆ ವರ್ಷಕ್ಕೆ 499. ಮೂರು ದಿನ ಬೇರೆ ಕೆಲಸದಲ್ಲಿ ಮರೆತೆ, ನಾಲ್ಕನೇ ದಿನ ಯುಪಿಐ ಆಟೋಪೇಯಲ್ಲಿ ದುಡ್ಡು ಹೋಗಿತ್ತು. ಸರಿ, ಕೊಟ್ಟಾಯಿತಲ್ಲ, ಬಳಸೋಣ ಅಂತ ನಾಲ್ಕು ಅಕ್ಷರ ಹಾಕಿದೆ. ಮಾರ್ಕ್, ಆರ್ಮ್, ರ್‍ಯಾಮ್, ಆರ್ಕ್ ಅಂತ ಪುಟ್ಟ ಪುಟ್ಟ ಪದ ಕೊಟ್ಟಿತು. ನಾಲ್ಕು ಅಕ್ಷರ ದಾಟಿದ ಒಂದೇ ಒಂದು ಪದ ಇಲ್ಲ! ಮಾರ್ಕೆಟ್ ಎಲ್ಲಿ ಹೋಯಿತು?

ಅರ್ಧ ಗಂಟೆ ಬೈದ ಮೇಲೆ ಅರ್ಥ ಆಯಿತು. ಆ್ಯಪ್ ಸ್ಕ್ರ್ಯಾಬಲ್ ಆಡುವವರಿಗೆ ಮಾಡಿದ್ದು. ಸ್ಕ್ರ್ಯಾಬಲ್‌ನಲ್ಲಿ ಕೈಯಲ್ಲಿ ಅಕ್ಷರ ಬರೆದ ಏಳು ಬಿಲ್ಲೆ ಇರುತ್ತವೆ, ಅವುಗಳಿಂದ ಏನೇನು ಪದ ಆಗುತ್ತದೆ ಅನ್ನುವುದು ಅವರ ಪ್ರಶ್ನೆ. ಅಂದರೆ ಈ ಅಕ್ಷರಗಳನ್ನು ಬಿಟ್ಟು ಬೇರೆ ಬರಬಾರದು. ನನ್ನದು ಉಲ್ಟಾ, ಈ ಅಕ್ಷರಗಳು ಇರಲೇಬೇಕು, ಬೇರೆಯವು ಎಷ್ಟು ಬೇಕಾದರೂ ಇರಲಿ. ಕೇಳೋಕೆ ಒಂದೇ ಥರ ಇದೆ, ಆದರೆ ಒಂದು ಇರುವ ಸಾಮಾನಿನಲ್ಲೇ ಅಡುಗೆ ಮಾಡುವುದು, ಇನ್ನೊಂದು ಬೆಳ್ಳುಳ್ಳಿ ಹಾಕಿದ ಅಡುಗೆಗಳೆಲ್ಲ ಯಾವುವು ಅಂತ ಕೇಳುವುದು.

ಒಳಗೆ ಇನ್ನೊಂದು ಖಾನೆ ಇತ್ತು, "ಈ ಅಕ್ಷರಗಳನ್ನು ಹೊಂದಿರುವ" ಅಂತ. ಸಿಕ್ಕಿತಲ್ಲ ಅಂತ ಅಲ್ಲಿ ಹಾಕಿದರೆ, ಒಂದೂ ಪದ ಇಲ್ಲ! ಅದು ನಾಲ್ಕೂ ಅಕ್ಷರ ಅದೇ ಕ್ರಮದಲ್ಲಿ ಅಂಟಿಕೊಂಡು ಬರುವ ಪದ ಹುಡುಕುತ್ತಿತ್ತು. ಕೆ, ಎ, ಎಂ, ಆರ್ ಸಾಲಾಗಿ ಬರುವ ಇಂಗ್ಲಿಷ್ ಪದ ಯಾವ ಲೋಕದಲ್ಲಿದೆ? "ಹೊಂದಿರುವ" ಅನ್ನುವ ಒಂದು ಮಾತಿಗೆ ಇಷ್ಟು ಅರ್ಥ ಇದೆ ಅಂತ ಖಾನೆಯ ಪಕ್ಕ ಒಂದು ಸಾಲು ಬರೆದಿದ್ದರೆ ಏನು ಹೋಗುತ್ತಿತ್ತು? ಸಹಾಯಕ್ಕೆ ಮೇಲ್ ಕಳಿಸಿದೆ, ಆ್ಯಪ್‌ಗೆ ಐದು ಸ್ಟಾರ್ ಕೊಡಿ ಅಂತ ಉತ್ತರ ಬಂತು.

ಬಿಟ್ಟಿ ಸೈಟ್‌ಗಳು: ಕೆಲವು ಸರಿಯಾಗೇ ಹುಡುಕುತ್ತವೆ, ಆದರೆ ಜಾಹೀರಾತುಗಳ ನಡುವೆ ಉತ್ತರವನ್ನೂ ನಾವೇ ಹುಡುಕಬೇಕು.

ಅವೆನ್ಯೂ ರೋಡ್‌ನಲ್ಲಿ ಕೊಂಡ ಹಳೇ ಡಿಕ್ಷನರಿ: ಮೊದಲ ಅಕ್ಷರ ಗೊತ್ತಿದ್ದವರಿಗೆ ಮಾತ್ರ.

ಎಐ ಚಾಟ್‌ಬಾಟ್‌ನನ್ನೂ ಕೇಳಿದೆ. ಹತ್ತು ಪದ ಕೊಟ್ಟಿತು, ಮೂರರಲ್ಲಿ ಕೆ ಇರಲಿಲ್ಲ. ಅದು ಪದವನ್ನು ಅಕ್ಷರ ಅಕ್ಷರವಾಗಿ ಓದುವುದಿಲ್ಲ, ತುಂಡು ತುಂಡಾಗಿ ನುಂಗುತ್ತದೆ. ನನ್ನ ಮಗಳಿಗಾದರೂ ಕನ್ನಡದ ನೆಪ ಇತ್ತು.

ಒನ್‌ಲುಕ್ ಅನ್ನುವ ಪದ ಹುಡುಕುವ ಸೈಟ್ ನಿಜಕ್ಕೂ ಒಳ್ಳೆಯದು. ಅಕ್ಷರಗಳ ನಡುವೆ ನಕ್ಷತ್ರ ಚಿಹ್ನೆ ಹಾಕಿದರೆ, ಅಲ್ಲಿ ಏನು ಬೇಕಾದರೂ ಬರಲಿ ಅಂತ ಅರ್ಥ. ಪದಬಂಧ ಬಿಡಿಸುವವರಿಗೆ ಇದೇ ಸಾಕು. ನನಗೆ ತೊಂದರೆ ಏನೆಂದರೆ ಹೀಗೆ ನಕ್ಷತ್ರ ಹಾಕಿ ಹುಡುಕಿದರೆ ಕ್ರಮ ಮುಖ್ಯ. ಯಾವ ಕ್ರಮವಾದರೂ ಸರಿ ಅಂದರೆ ನಾಲ್ಕು ಅಕ್ಷರಕ್ಕೆ ಹೀಗೆ 24 ಸಲ ಹುಡುಕಬೇಕು.

ಕೊನೆಗೆ ಅಟ್ಟದ ಮೇಲಿದ್ದ ಲಿನಕ್ಸ್ ಲ್ಯಾಪ್‌ಟಾಪ್ ಇಳಿಸಿದೆ. ಗ್ರೆಪ್ 1970ರ ದಶಕದ ಯುನಿಕ್ಸ್ ಕಾಲದ್ದು, ಕಡತದಲ್ಲಿ ನಾವು ಕೇಳಿದ್ದು ಇರುವ ಸಾಲುಗಳನ್ನು ಮಾತ್ರ ತೋರಿಸುತ್ತದೆ, ಅಷ್ಟೇ. ಸಾಲಿಗೊಂದು ಪದ ಇರುವ ಪಟ್ಟಿ ಕೊಟ್ಟು, ಕೆ ಇರುವುದನ್ನು ಮಾತ್ರ ಉಳಿಸು, ಅದರಲ್ಲಿ ಎ ಇರುವುದನ್ನು ಉಳಿಸು, ಆಮೇಲೆ ಎಂ, ಆಮೇಲೆ ಆರ್, ಹೀಗೆ ನಾಲ್ಕು ಗ್ರೆಪ್‌ಗಳನ್ನು, ಒಂದರ ಉತ್ತರ ಮುಂದಿನದಕ್ಕೆ ದಾಟಿಸುವ ಪೈಪ್ ಗೆರೆಯಿಂದ ಸೇರಿಸಿದೆ. ಒಂದರ ಕೆಳಗೊಂದು ನಾಲ್ಕು ಜರಡಿ ಇಟ್ಟ ಹಾಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾರ್ಕೆಟ್, ರಿಮಾರ್ಕ್, ಲ್ಯಾಂಡ್‌ಮಾರ್ಕ್, ಟ್ರೇಡ್‌ಮಾರ್ಕ್, ಮಸ್ಕ್‌ರ್‍ಯಾಟ್. ನಮ್ಮ ಕರ್ಮ ಕೂಡ ಇತ್ತು.

ಇದರಲ್ಲೂ ಕಿರಿಕಿರಿ ಇದೆ. ನನ್ನ ಲ್ಯಾಪ್‌ಟಾಪ್‌ನ ಲಿನಕ್ಸ್, ಅಂದರೆ ಉಬುಂಟು, ಅದರ ಜೊತೆ ಬರುವ ಪಟ್ಟಿಯಲ್ಲಿ ಊರು, ದೇಶದ ಹೆಸರುಗಳೆಲ್ಲ ಇವೆ. ಡೆನ್ಮಾರ್ಕ್ ಬಂತು, ಅದರ ಹಿಂದೆಯೇ ಅಪಾಸ್ಟ್ರಫಿ ಎಸ್ ಹಚ್ಚಿಕೊಂಡು ಇನ್ನೊಂದು ಡೆನ್ಮಾರ್ಕ್. ಗೆಳೆಯನ ಮ್ಯಾಕ್‌ನಲ್ಲಿ ನೋಡಿದರೆ ಅಲ್ಲಿಯ ಪಟ್ಟಿ 1934ರ ವೆಬ್‌ಸ್ಟರ್ ಡಿಕ್ಷನರಿಯಿಂದ ತೆಗೆದದ್ದು. ಸುಮಾರು 2,35,000 ಪದ ಇದ್ದರೂ ಮಾರ್ಕೆಟ್‌ನ ಬಹುವಚನ ಇಲ್ಲ. ಆಮೇಲೆ ಎನೇಬಲ್ ಅನ್ನುವ ಪಟ್ಟಿ ಇಳಿಸಿಕೊಂಡೆ. 1,72,000ಕ್ಕೂ ಜಾಸ್ತಿ ಪದ, ಎಲ್ಲ ಸಣ್ಣಕ್ಷರ, ಹೆಸರುಗಳಿಲ್ಲ, ಯಾರು ಬೇಕಾದರೂ ಬಳಸಬಹುದು. ಈಗ ಅದೇ ನನ್ನ ಪಟ್ಟಿ.

ಇನ್ನೊಂದು ಕಡೆ ಗ್ರೆಪ್ ಅಲ್ಲ, ನಾನೇ ಎಡವಿದ್ದು. ಪ್ಲೇಟಿನಲ್ಲಿ ಕೆ ಎರಡು ಸಲ ಬಂದರೆ? ಕೆ ಜರಡಿಯನ್ನೇ ಎರಡು ಸಲ ಇಟ್ಟೆ. ಒಂದೇ ಕೆ ಇರುವ ಮಾರ್ಕೆಟ್ ಎರಡರಿಂದಲೂ ಜಾರಿ ಬಂತು, ತೂತು ಅದೇ ತಾನೇ. ಕೆ, ಚುಕ್ಕಿ, ನಕ್ಷತ್ರ, ಕೆ ಅಂತ ಒಟ್ಟಿಗೆ ಬರೆಯಬೇಕು, ಅಂದರೆ ಎರಡು ಕೆ ಬೇಕು, ನಡುವೆ ಏನು ಬೇಕಾದರೂ ಬರಲಿ ಅಂತ. ಆಗ ಬುಕ್‌ಮೇಕರ್, ಕಾಮಿಕಾಝಿ ಥರದವು ಮಾತ್ರ ಉಳಿಯುತ್ತವೆ.

ನೀವು ಸ್ಕ್ರ್ಯಾಬಲ್ ಆಡುವವರಾದರೆ ನನ್ನ ಮಾತು ಕೇಳಬೇಡಿ, ಆ ಥರದ ಆ್ಯಪ್ಪೇ ನಿಮಗೆ ಸರಿ, ಬಿಟ್ಟಿ ಸಿಕ್ಕರೆ. ಕಪ್ಪು ಪರದೆಯಲ್ಲಿ ಟೈಪ್ ಮಾಡೋಕೆ ಬೇಜಾರು ಅನ್ನುವವರಿಗೆ ಒನ್‌ಲುಕ್. ನನ್ನಂಥ ಜಿಪುಣನಿಗೆ ಗ್ರೆಪ್. ಈಗ ಆಂಡ್ರಾಯ್ಡ್ ಫೋನಿನಲ್ಲೂ ಗ್ರೆಪ್ ಥರದವನ್ನು ನಡೆಸುವ ಟರ್ಮಕ್ಸ್ ಆ್ಯಪ್ ಹಾಕಿ, ಎನೇಬಲ್ ಪಟ್ಟಿ ಇಟ್ಟುಕೊಂಡಿದ್ದೇನೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕಾರಿನಲ್ಲಿ ಮಾತ್ರ ಮುಟ್ಟುವಂತಿಲ್ಲ, ಮನೆಗೆ ಬಂದಮೇಲೆ ತೀರ್ಪು ನೋಡೋಕಷ್ಟೇ ಅಂತ ಮಗಳ ಕಟ್ಟಪ್ಪಣೆ.

ಅಂದಹಾಗೆ, ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಆಟೋಪೇ ಬೇರೆ ರದ್ದು ಮಾಡಬೇಕು, ನಾನು ಇವತ್ತು ಬೆಳಿಗ್ಗೆ ಮಾಡಿದೆ.