ವಿಮ್ ಸ್ಕ್ರಿಪ್ಟ್‌ನಲ್ಲಿ ದೋಷ ನಿರ್ವಹಣೆ: ದೀರ್ಘಕಾಲದ ಬಳಕೆಯ ಅನುಭವ

ಪಠ್ಯ ಬರೆದು ತಿದ್ದುವ ವಿಮ್ ಎಡಿಟರ್‌ಗೆ ಹಲವು ವರ್ಷಗಳಿಂದ ಸಣ್ಣಪುಟ್ಟ ಸ್ಕ್ರಿಪ್ಟ್‌ಗಳನ್ನು ಬರೆಯುತ್ತಿದ್ದೇನೆ. ಎಡಿಟರ್ ಬಗ್ಗೆ ತಕರಾರಿಲ್ಲ. ಆದರೆ ಅದರ ಹಳೆಯ ಸ್ಕ್ರಿಪ್ಟ್ ಭಾಷೆ ದೋಷ ಎದುರಾದಾಗ ನಡೆದುಕೊಳ್ಳುವ ರೀತಿಯನ್ನು ನಾನು ಇಂದಿಗೂ ಒಪ್ಪುವುದಿಲ್ಲ: ಫಂಕ್ಷನ್‌ನ ಒಂದು ಸಾಲು ವಿಫಲವಾದರೂ ಸಂದೇಶ ತೋರಿಸಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ.

ಮೊದಲ ಸಾಲು ಒಂದು ಶೀರ್ಷಿಕೆಯನ್ನು ಹುಡುಕಬೇಕು, ಎರಡನೆಯದು ಕರ್ಸರ್ ಇರುವ ಸಾಲನ್ನು ಅಳಿಸಬೇಕು ಎಂದಿಟ್ಟುಕೊಳ್ಳಿ. ಶೀರ್ಷಿಕೆ ಸಿಗದಿದ್ದರೆ ಇ486 ದೋಷ ಬರುತ್ತದೆ, ಕರ್ಸರ್ ಕದಲುವುದಿಲ್ಲ. ಆದರೂ ಎರಡನೆಯ ಸಾಲು ಓಡಿ, ಏನೂ ಸಂಬಂಧವಿಲ್ಲದ ಸಾಲನ್ನು ಅಳಿಸಿಹಾಕುತ್ತದೆ! ಫಂಕ್ಷನ್ ಘೋಷಣೆಯ ಕೊನೆಗೆ 'ಅಬಾರ್ಟ್' ಎಂದು ಸೇರಿಸಿದರೆ ಮೊದಲ ದೋಷಕ್ಕೇ ಓಟ ನಿಲ್ಲುತ್ತದೆ. ಇಷ್ಟು ಮುಖ್ಯವಾದದ್ದನ್ನು ನಾವೇ ನೆನಪಿಟ್ಟು ಬರೆಯಬೇಕು ಎಂಬುದೇ ನನ್ನ ದೊಡ್ಡ ಆಕ್ಷೇಪ.

ಆದೇಶದ ಮುಂದೆ 'ಸೈಲೆಂಟ್' ಜೊತೆಗೆ ಆಶ್ಚರ್ಯಸೂಚಕ ಹಾಕಿ ದೋಷದ ಬಾಯಿ ಮುಚ್ಚಿಸುವ ಅಭ್ಯಾಸ ಇನ್ನೂ ಅಪಾಯಕಾರಿ. ಅದು ಸಂದೇಶವನ್ನು ಅಡಗಿಸುವುದಷ್ಟೇ ಅಲ್ಲ, ಆ ದೋಷಕ್ಕೆ 'ಅಬಾರ್ಟ್' ಕೂಡ ಕೆಲಸ ಮಾಡದಂತೆ, ದೋಷವನ್ನು ಹಿಡಿಯಬೇಕಾದ 'ಕ್ಯಾಚ್'ಗೂ ಸುಳಿವು ಸಿಗದಂತೆ ಮಾಡುತ್ತದೆ.

ದೋಷ ಬರಬಹುದಾದ ಸಾಲುಗಳನ್ನು ಸುತ್ತುವ 'ಟ್ರೈ', ದೋಷ ಬಂದರೆ ಓಡುವ 'ಕ್ಯಾಚ್', ಏನೇ ಆದರೂ ಕೊನೆಗೆ ಓಡುವ 'ಫೈನಲಿ' ಮಾತ್ರ ನಿಜಕ್ಕೂ ಚೆನ್ನಾಗಿವೆ. ಸ್ಕ್ರಿಪ್ಟ್ ತಾತ್ಕಾಲಿಕವಾಗಿ ಬದಲಿಸಿದ ಸೆಟ್ಟಿಂಗ್‌ಗಳನ್ನು 'ಫೈನಲಿ'ಯಲ್ಲಿ ಹಿಂದಿನ ಸ್ಥಿತಿಗೆ ತಂದುಬಿಟ್ಟರೆ, ನಡುವೆ ಏನೇ ಕೆಟ್ಟರೂ ಬಳಕೆದಾರರಿಗೆ ತೊಂದರೆಯಾಗದು. 'ಕ್ಯಾಚ್'ಗೆ ದೋಷದ ಸಂಖ್ಯೆಯನ್ನೇ ಕೊಡಿ, ಸಂದೇಶದ ಪಠ್ಯವನ್ನಲ್ಲ. ಎಡಿಟರ್‌ನ ಭಾಷೆ ಬದಲಾದರೆ ಪಠ್ಯವೂ ಬದಲಾಗುತ್ತದೆ. ಸಂಖ್ಯೆಯಿಲ್ಲದ ಬರಿಯ 'ಕ್ಯಾಚ್' ಎಲ್ಲವನ್ನೂ ಹಿಡಿಯುತ್ತದೆ, ನೀವು ಕಂಟ್ರೋಲ್-ಸಿ ಒತ್ತಿದ್ದನ್ನೂ ಸಹ. ಅಂಥದ್ದೊಂದು ಲೂಪ್‌ನೊಳಗೆ ಸೇರಿಕೊಂಡರೆ ಸ್ಕ್ರಿಪ್ಟನ್ನು ನಿಲ್ಲಿಸುವುದೇ ಕಷ್ಟ. ದೋಷ ಎಲ್ಲಿ ಹುಟ್ಟಿತು ಎಂಬುದು 'ವಿ:ಥ್ರೋಪಾಯಿಂಟ್' ಎಂಬ ವೇರಿಯಬಲ್‌ನಲ್ಲಿ ಸಿಗುತ್ತದೆ. ಅಲ್ಲಿ ಬರುವ ಸಾಲಿನ ಸಂಖ್ಯೆ ಫಂಕ್ಷನ್‌ನ ಆರಂಭದಿಂದ ಎಣಿಸಿದ್ದು, ಕಡತದ ಆರಂಭದಿಂದಲ್ಲ. ಹೊಸಬರು ಇಲ್ಲಿ ಸುಮ್ಮನೆ ಅಲೆದಾಡುತ್ತಾರೆ.

2022ರಲ್ಲಿ ಬಂದ 9.0 ಆವೃತ್ತಿಯ ವಿಮ್9 ಸ್ಕ್ರಿಪ್ಟ್ ಎಂಬ ಹೊಸ ಭಾಷಾರೂಪ ನನ್ನ ಮುಖ್ಯ ದೂರನ್ನು ಪರಿಹರಿಸಿದೆ. 'ಡೆಫ್' ಎಂದು ಬರೆದ ಫಂಕ್ಷನ್ ದೋಷ ಕಂಡೊಡನೆ ತಾನಾಗಿ ನಿಲ್ಲುತ್ತದೆ. ಓಡುವ ಮುನ್ನ ಕಂಪೈಲ್ ಆಗುವುದರಿಂದ ಹೆಸರಿನ ಕಾಗುಣಿತದ ತಪ್ಪುಗಳೂ ಬೇಗ ಹೊರಬೀಳುತ್ತವೆ. ಹಳೆಯ ಫಂಕ್ಷನ್‌ಗಳು ಮಾತ್ರ ಹಳೆಯ ರೀತಿಯಲ್ಲೇ ನಡೆಯುತ್ತವೆ. ಹಾಗಾಗಿ ಪಠ್ಯವನ್ನು ಅಳಿಸುವ, ಬದಲಿಸುವ ನನ್ನ ಸ್ಕ್ರಿಪ್ಟ್‌ಗಳನ್ನೆಲ್ಲ ಮೊದಲು 'ಡೆಫ್'ಗೆ ತರುತ್ತಿದ್ದೇನೆ. ಬಣ್ಣ, ಅಲಂಕಾರದವು ಆಮೇಲೆ.