ಸ್ಟ್ರಾಂಗ್ ಪದಸೂಚಿ: ಕನ್ನಡ ಸತ್ಯವೇದದ ಪಕ್ಕದಲ್ಲಿಟ್ಟು ಬಳಸುವುದು ಹೇಗೆ, ಎಡವುವುದು ಎಲ್ಲಿ

‘ನಿಶ್ಚಯವಾಗಿ ನನ್ನ ಜೀವಮಾನದಲ್ಲೆಲ್ಲಾ ಶುಭವೂ ಕೃಪೆಯೂ ನನ್ನನ್ನು ಹಿಂಬಾಲಿಸುವವು.’ ಇಪ್ಪತ್ತಮೂರನೆಯ ಕೀರ್ತನೆಯ ಈ ಕೊನೆಯ ವಚನ ಎಷ್ಟೋ ಮಂದಿಗೆ ಬಾಯಿಪಾಠ. ‘ಹಿಂಬಾಲಿಸು’ ಎಂದಾಗ ಮೆಲ್ಲಗೆ ಹಿಂದೆ ಹಿಂದೆ ಬರುವ ಚಿತ್ರವೇ ಮನಸ್ಸಿಗೆ ಬರುತ್ತದೆ. ಮೂಲ ಹೀಬ್ರೂವಿನಲ್ಲಿರುವ ‘ರಾದಫ್’ ಅಷ್ಟು ಸೌಮ್ಯ ಪದವಲ್ಲ. ಫರೋಹನು ಇಸ್ರಾಯೇಲ್ಯರನ್ನು ಬೆನ್ನಟ್ಟಿದ್ದಕ್ಕೂ (ವಿಮೋಚನಕಾಂಡ 14:8) ಸೌಲನು ದಾವೀದನನ್ನು ಅಡವಿಯಲ್ಲಿ ಅಟ್ಟಿಸಿಕೊಂಡು ಹೋದದ್ದಕ್ಕೂ (1 ಸಮುವೇಲ 23:25) ಇದೇ ಪದ. ಹೀಬ್ರೂವಿನ ಒಂದಕ್ಷರವೂ ಬಾರದವರಿಗೆ ಇಷ್ಟನ್ನು ಐದು ನಿಮಿಷದಲ್ಲಿ ತೋರಿಸಿಕೊಡುವ ಪುಸ್ತಕ ಸ್ಟ್ರಾಂಗ್ ಪದಸೂಚಿ. ಸತ್ಯವೇದ ಅಧ್ಯಯನಕ್ಕೆ ಒಂದೇ ಒಂದು ಆಕರ ಗ್ರಂಥ ಕೊಳ್ಳುತ್ತೇನೆ ಎನ್ನುವವರಿಗೆ ಇಂದಿಗೂ ಇದನ್ನೇ ಹೇಳಬೇಕು. ಆದರೆ ಇದು ಪದಸೂಚಿ, ಅರ್ಥಕೋಶವಲ್ಲ. ಇದನ್ನು ಹಿಡಿದು ಮಾಡುವ ತಪ್ಪುಗಳೆಲ್ಲ ಆ ಒಂದು ವ್ಯತ್ಯಾಸ ಮರೆತಾಗಲೇ ಆಗುವುದು.

ಅಮೆರಿಕದ ನ್ಯೂಜೆರ್ಸಿಯ ಡ್ರೂ ಸೆಮಿನರಿಯ ಪ್ರಾಧ್ಯಾಪಕ ಜೇಮ್ಸ್ ಸ್ಟ್ರಾಂಗ್ ಇದನ್ನು ಪ್ರಕಟಿಸಿದ್ದು 1890ರಲ್ಲಿ. ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದದಲ್ಲಿ ಯಾವ ಪದ ಎಲ್ಲೆಲ್ಲಿ ಬಂದಿದೆ ಎಂದು ಅಕಾರಾದಿಯಾಗಿ ಪಟ್ಟಿ ಮಾಡುವುದು ಇದರ ಕೆಲಸ. ‘ಆಂಡ್’, ‘ದಿ’ ತರಹದ 47 ಸಣ್ಣ ಪದಗಳನ್ನು ಅನುಬಂಧಕ್ಕೆ ತಳ್ಳಿ ಉಳಿದೆಲ್ಲವನ್ನೂ ವಚನದ ತುಣುಕಿನ ಸಮೇತ ಕೊಟ್ಟಿದ್ದಾರೆ. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಆ ಇಂಗ್ಲಿಷ್ ಪದದ ಹಿಂದಿರುವ ಮೂಲ ಪದವನ್ನು ಪುಸ್ತಕದ ಕೊನೆಯ ಚುಟುಕು ಕೋಶದಲ್ಲಿ ಹುಡುಕಲು ಅದೇ ದಾರಿ. ಪುಸ್ತಕದ ನಿಜವಾದ ಬೆಲೆ ಇರುವುದು ಆ ಸಂಖ್ಯೆಯಲ್ಲಿ. ಹಳೆ ಒಡಂಬಡಿಕೆಯ ಪದಗಳಿಗೆ 1ರಿಂದ 8674, ಹೊಸ ಒಡಂಬಡಿಕೆಯ ಗ್ರೀಕ್ ಪದಗಳಿಗೆ 1ರಿಂದ 5624. ಗ್ರೀಕ್ ಸಾಲಿನಲ್ಲಿ 2717 ಮತ್ತು 3203ರಿಂದ 3302ರವರೆಗಿನ ಸಂಖ್ಯೆಗಳು ಸಿಗುವುದೇ ಇಲ್ಲ. ಪುಟ ಹರಿದುಹೋಗಿದೆ ಎಂದು ಅಂಗಡಿಗೆ ವಾಪಸು ಒಯ್ಯಬೇಡಿ, ಅವು ಮೊದಲಿನಿಂದಲೂ ಖಾಲಿ. ಹಾಗಾಗಿ ನಿಜವಾದ ಗ್ರೀಕ್ ನಮೂದುಗಳು 5523.

ಬಳಸುವ ಕ್ರಮಕ್ಕೆ ಮೇಲಿನ ವಚನವನ್ನೇ ತೆಗೆದುಕೊಳ್ಳೋಣ. ಕನ್ನಡ ವಚನದ ಪಕ್ಕ ಕಿಂಗ್ ಜೇಮ್ಸ್ ತೆರೆದಿಡಿ. ‘ಹಿಂಬಾಲಿಸು’ ಇರುವಲ್ಲಿ ಅಲ್ಲಿ ‘ಫಾಲೋ’ ಇದೆ. ಪದಸೂಚಿಯಲ್ಲಿ ‘ಫಾಲೋ’ ಪದದ ಅಂಕಣಕ್ಕೆ ಹೋಗಿ ಕೀರ್ತನೆ 23:6ರ ಸಾಲು ಹುಡುಕಿ. ಸಾಲಿನೊಳಗೆ ಆ ಪದವನ್ನು ಪೂರ್ತಿ ಅಚ್ಚು ಮಾಡದೆ ಮೊದಲ ಅಕ್ಷರವನ್ನಷ್ಟೇ ಹಾಕಿರುತ್ತಾರೆ, ಮೊದಲ ಸಲ ಕಣ್ಣಿಗೆ ಗೊಂದಲವಾದೀತು. ಸಾಲಿನ ಕೊನೆಯಲ್ಲಿ 7291 ಎಂದಿದೆ. ಹಿಂದಿನ ಹೀಬ್ರೂ ಭಾಗದಲ್ಲಿ 7291 ತೆಗೆದರೆ ಸಿಗುವುದು ರಾದಫ್: ‘ಓಡಿ ಬೆನ್ನಟ್ಟು, ಸಾಮಾನ್ಯವಾಗಿ ಹಗೆಯಿಂದ’ ಎಂಬರ್ಥದ ವಿವರಣೆ.

ಬಹಳ ಮಂದಿ ಇಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ. ಕೆಲಸ ಶುರುವಾಗುವುದೇ ಇಲ್ಲಿಂದ. 7291 ಬೇರೆಲ್ಲಿ ಬಂದಿದೆ ಎಂದು ನೋಡಬೇಕು. ಕೀರ್ತನೆ 34:14ರಲ್ಲಿ ಸಮಾಧಾನವನ್ನು ಬೆನ್ನಟ್ಟಬೇಕು, ಧರ್ಮೋಪದೇಶಕಾಂಡ 16:20ರಲ್ಲಿ ನ್ಯಾಯವನ್ನು. ಅಂದರೆ ಹಗೆ ಆ ಪದದೊಳಗೆ ಇಲ್ಲ, ಯಾರು ಯಾರನ್ನು ಅಟ್ಟುತ್ತಿದ್ದಾರೆ ಎಂಬುದರಲ್ಲಿದೆ. ಪದದ ಒಳಗಿರುವುದು ಬಿಡದೆ ಹಿಂದೆ ಬೀಳುವ ಹಟ. ಇನ್ನು 23ನೇ ಕೀರ್ತನೆಗೆ ಮರಳಿ ಬನ್ನಿ. ಐದನೇ ವಚನದಲ್ಲಿ ವೈರಿಗಳು ಎದುರಿಗೇ ಇದ್ದಾರೆ. ಬೆನ್ನಟ್ಟಬೇಕಾದವರು ಅವರು, ಆದರೆ ಆರನೇ ವಚನದಲ್ಲಿ ಬೆನ್ನುಹತ್ತಿ ಬರುವುದು ಶುಭ ಮತ್ತು ಕೃಪೆ. ಈ ಓದು ಕೋಶದ ವಿವರಣೆಯಿಂದ ಹುಟ್ಟಿದ್ದಲ್ಲ, ಪದ ಬಂದ ಜಾಗಗಳನ್ನು ಸಾಲಾಗಿ ಓದಿದ್ದರಿಂದ ಹುಟ್ಟಿದ್ದು.

ನಮೂದಿನ ರಚನೆ ಗೊತ್ತಿರಲೇಬೇಕು. ಮೊದಲು ಮೂಲ ಪದ, ಉಚ್ಚಾರಣೆ, ಅದು ಯಾವ ಧಾತುವಿನಿಂದ ಬಂತು ಎಂಬ ಸೂಚನೆ, ಚುಟುಕು ಅರ್ಥ. ಆಮೇಲೆ ಅಡ್ಡಬಿಂದು ಮತ್ತು ಉದ್ದಗೆರೆ. ಗೆರೆಯ ನಂತರದ ಪಟ್ಟಿ ಆ ಪದದ ಅರ್ಥಗಳಲ್ಲ, ಕಿಂಗ್ ಜೇಮ್ಸ್ ಅನುವಾದಕರು ಅದಕ್ಕೆ ಬಳಸಿದ ಇಂಗ್ಲಿಷ್ ಪದಗಳು ಮಾತ್ರ. ಅದರಲ್ಲಿ ಕೂಡಿಸುವ ಚಿಹ್ನೆ ಇದ್ದರೆ ಮೂಲದಲ್ಲಿ ಇನ್ನೊಂದು ಪದವೂ ಸೇರಿದಾಗ ಬಂದ ಅನುವಾದ, ಗುಣಿಸುವ ಚಿಹ್ನೆ ಇದ್ದರೆ ಆ ಭಾಷೆಯ ನುಡಿಗಟ್ಟಿನಿಂದ ಬಂದದ್ದು. ಆ ಪಟ್ಟಿಯಿಂದ ಇಷ್ಟವಾದ ಪದವೊಂದನ್ನು ಹೆಕ್ಕಿ ‘ಮೂಲದಲ್ಲಿ ಹೀಗೂ ಅರ್ಥ ಇದೆ’ ಎಂದು ವೇದಿಕೆಯಿಂದ ಹೇಳುವುದು ಈ ಪುಸ್ತಕಕ್ಕೆ ಮಾಡುವ ಅತಿ ದೊಡ್ಡ ಅನ್ಯಾಯ. ಗ್ರೀಕಿನ 3056, ‘ಲೋಗೊಸ್’, ಯೋಹಾನ 1:1ರಲ್ಲಿ ‘ವಾಕ್ಯ’. ಮತ್ತಾಯ 18:23ರಲ್ಲಿ ಅರಸನು ಸೇವಕರಿಂದ ಕೇಳುವ ‘ಲೆಕ್ಕ’ವೂ ಅದೇ ಪದ. ಹಾಗೆಂದು ‘ಆದಿಯಲ್ಲಿ ಲೆಕ್ಕವಿತ್ತು’ ಎಂದು ಓದಲಾಗದು. ಒಂದು ಜಾಗದಲ್ಲಿ ಒಂದು ಪದಕ್ಕೆ ಒಂದು ಅರ್ಥ, ಅದನ್ನು ಗೊತ್ತುಮಾಡುವುದು ಸುತ್ತಲಿನ ವಾಕ್ಯ.

ಧಾತುವಿನ ಸೂಚನೆಯೂ ಹೀಗೇ ದಾರಿ ತಪ್ಪಿಸುತ್ತದೆ. ‘ಪ್ರವೀಣ’ ಪದದ ಹುಟ್ಟು ವೀಣೆಯಲ್ಲಿದೆ. ಆದರೆ ಒಬ್ಬಾಕೆ ಅಡುಗೆಯಲ್ಲಿ ಪ್ರವೀಣೆ ಎಂದರೆ ಆಕೆಗೆ ವೀಣೆ ನುಡಿಸಲು ಬರುತ್ತದೆ ಎಂದು ಯಾರೂ ತಿಳಿಯುವುದಿಲ್ಲ. 1577, ‘ಎಕ್ಲೇಸಿಯ’, ನಮ್ಮ ‘ಸಭೆ’. ಧಾತು ನೋಡಿ ‘ಲೋಕದಿಂದ ಹೊರಗೆ ಕರೆಯಲ್ಪಟ್ಟವರು’ ಎಂದು ಪ್ರಸಂಗ ಕಟ್ಟುವುದು ವಾಡಿಕೆ. ಅಪೊಸ್ತಲರ ಕೃತ್ಯಗಳು 19:32ರಲ್ಲಿ ಎಫೆಸದ ನಾಟಕಶಾಲೆಯಲ್ಲಿ ಯಾಕೆ ಸೇರಿದ್ದೇವೆಂದೇ ತಿಳಿಯದೆ ಕೂಗುತ್ತಿದ್ದ ಗುಂಪಿಗೂ ಇದೇ ಪದ ಇದೆ. ಅದರ ಅಂದಿನ ಬಳಕೆಯ ಅರ್ಥ ಜನರ ಕೂಟ, ಅಷ್ಟೆ. ಇಲ್ಲಿ ಇಂಗ್ಲಿಷಿನವರಿಗಿಂತ ನಮ್ಮ ಸ್ಥಿತಿಯೇ ಮೇಲು: ಕನ್ನಡದ ‘ಸಭೆ’ ಊರಿನ ಸಭೆಗೂ ದೇವರ ಸಭೆಗೂ ಒಗ್ಗುತ್ತದೆ. ರೋಮಾಪುರದವರಿಗೆ 1:16ರ ‘ದುನಾಮಿಸ್’, 1411, ಡೈನಮೈಟಿನಂಥ ಶಕ್ತಿ ಎಂಬ ಮಾತೂ ಕೇಳಿಬರುತ್ತದೆ. ಆಲ್ಫ್ರೆಡ್ ನೊಬೆಲ್ ಆ ಸ್ಫೋಟಕಕ್ಕೆ ಹೆಸರಿಟ್ಟದ್ದು 1867ರಲ್ಲಿ. ಪೌಲನ ಮನಸ್ಸಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಇಂಥ ತಪ್ಪುಗಳನ್ನು ಜೇಮ್ಸ್ ಬಾರ್ ಎಂಬ ವಿದ್ವಾಂಸರು 1961ರಲ್ಲೇ ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ.

ಕನ್ನಡ ಓದುಗರಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ನಮ್ಮ ಹಳೆಯ ಸತ್ಯವೇದದಲ್ಲಿ ಕೀರ್ತನೆ 136ರ ಇಪ್ಪತ್ತಾರು ವಚನಗಳೂ ‘ಆತನ ಕೃಪೆಯು ಶಾಶ್ವತವಾದದ್ದು’ ಎಂದು ಮುಗಿಯುತ್ತವೆ. ಎಫೆಸದವರಿಗೆ 2:8ರಲ್ಲಿ ರಕ್ಷಣೆ ಆಗುವುದೂ ‘ಕೃಪೆಯಿಂದಲೇ’. ಎರಡೂ ಒಂದೇ ಎಂದುಕೊಂಡು ಪದಸೂಚಿಯ ‘ಗ್ರೇಸ್’ ಅಂಕಣದಲ್ಲಿ ಕೀರ್ತನೆ 136 ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ‘ಮರ್ಸಿ’ ಅಡಿಯಲ್ಲಿ, ಸಂಖ್ಯೆ 2617, ‘ಹೆಸೆದ್’: ಒಡಂಬಡಿಕೆಗೆ ಕಟ್ಟುಬಿದ್ದು ಕೈಬಿಡದ ಪ್ರೀತಿ. ಎಫೆಸದ ಪತ್ರಿಕೆಯದು 5485, ‘ಖಾರಿಸ್’. ಹೀಬ್ರೂ ಗ್ರಂಥಗಳ ಹಳೆಯ ಗ್ರೀಕ್ ಅನುವಾದವಾದ ಸೆಪ್ತುವಜಿಂತ ಹೆಸೆದ್‌ಗೆ ಸಾಮಾನ್ಯವಾಗಿ ಖಾರಿಸ್ ಅನ್ನದೆ 1656, ‘ಎಲೆಯೊಸ್’ ಅನ್ನು ಬಳಸುತ್ತದೆ. ಆದ್ದರಿಂದ ಕನ್ನಡ ಪದದಿಂದ ನೇರವಾಗಿ ಸಂಖ್ಯೆಗೆ ಹಾರಬೇಡಿ, ಪ್ರತಿ ಸಲವೂ ವಚನದ ಮೂಲಕವೇ ಹೋಗಿ.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ, ಅದನ್ನು ಕಂಡಾಗ ನಮ್ಮ ಅನುವಾದಕರ ಮೇಲೆ ಗೌರವ ಹೆಚ್ಚುತ್ತದೆ. ಯೋಹಾನ 21:15ರಿಂದ 17ರವರೆಗೆ ಯೇಸು ಪೇತ್ರನನ್ನು ಮೂರು ಸಲ ಕೇಳುವ ಪ್ರಶ್ನೆಗೆ ಕಿಂಗ್ ಜೇಮ್ಸ್ ಉದ್ದಕ್ಕೂ ‘ಲವ್’ ಎಂದಷ್ಟೇ ಹಾಕಿದೆ. ಮೂಲದಲ್ಲಿ ಎರಡು ಕ್ರಿಯಾಪದಗಳಿವೆ: 25 ‘ಅಗಪಾವೊ’, 5368 ‘ಫಿಲೆಯೊ’. ಕನ್ನಡದ ಹಳೆಯ ಅನುವಾದ ಒಂದಕ್ಕೆ ‘ಪ್ರೀತಿಸು’, ಇನ್ನೊಂದಕ್ಕೆ ‘ಮಮತೆ ಇಡು’ ಎಂದು ಭೇದವನ್ನು ಉಳಿಸಿಕೊಂಡಿದೆ. ಇಂಗ್ಲಿಷ್ ಓದುಗರು ಪದಸೂಚಿ ತೆರೆದು ಕಾಣಬೇಕಾದದ್ದು ನಮಗೆ ಓದುವಾಗಲೇ ಕಾಣುತ್ತದೆ. ಆದರೂ ಅಗಪಾವೊ ದೈವಿಕ, ಫಿಲೆಯೊ ಮಾನುಷ ಎಂದು ಗೆರೆ ಎಳೆಯುವ ಮುನ್ನ ಸಂಖ್ಯೆಗಳ ಜಾಡು ಹಿಡಿಯಿರಿ. ತಂದೆ ಮಗನನ್ನು ಪ್ರೀತಿಸುವುದು ಯೋಹಾನ 3:35ರಲ್ಲಿ 25, 5:20ರಲ್ಲಿ 5368. ದೇಮನು ಪೌಲನನ್ನು ಬಿಟ್ಟು ಇಹಲೋಕವನ್ನು ಪ್ರೀತಿಸಿದ್ದೂ (2 ತಿಮೊಥೆಯ 4:10) 25ನೇ ಪದದಿಂದಲೇ. ಆ ಗೆರೆ ನಿಲ್ಲುವುದಿಲ್ಲ.

ಮೊದಮೊದಲು ಕೈಕೊಡುವ ಸಣ್ಣ ವಿಷಯಗಳು ಇನ್ನೂ ಇವೆ. ಅಚ್ಚಿನ ಪುಸ್ತಕದಲ್ಲಿ ಹೀಬ್ರೂ ಸಂಖ್ಯೆ ನೆಟ್ಟಗಿನ ಅಕ್ಷರದಲ್ಲಿ, ಗ್ರೀಕ್ ಸಂಖ್ಯೆ ಓರೆ ಅಕ್ಷರದಲ್ಲಿ ಇರುತ್ತದೆ. ಗಮನಿಸದೆ 26ನ್ನು ಹೀಬ್ರೂ ಭಾಗದಲ್ಲಿ ತೆಗೆದರೆ ‘ಅಗಾಪೆ’ ಬದಲು ಅಬೀಗೈಲಳ ಹೆಸರು ಸಿಗುತ್ತದೆ. ಸಾಲಿನ ಕೊನೆಯಲ್ಲಿ ಸಂಖ್ಯೆ ಇಲ್ಲದಿದ್ದರೆ ಆ ಪದ ಮೂಲದಲ್ಲಿಲ್ಲ, ಅನುವಾದಕರು ಅರ್ಥಪೂರ್ತಿಗಾಗಿ ಸೇರಿಸಿದ್ದು. ಯೋಬ 2:9ರಲ್ಲಿ ಹೆಂಡತಿ ದೇವರನ್ನು ದೂಷಿಸು ಎನ್ನುವ ಕಡೆ ಸಂಖ್ಯೆ 1288, ಅದರ ಅರ್ಥ ‘ಆಶೀರ್ವದಿಸು’. ಅಚ್ಚಿನ ತಪ್ಪಲ್ಲ. ದೇವರ ಹೆಸರಿನ ಪಕ್ಕ ಶಾಪದ ಪದ ಇಡಬಾರದೆಂದು ಹೀಬ್ರೂ ಪಠ್ಯವೇ ಸೌಮ್ಯವಾಗಿ ಹಾಗೆ ಹೇಳಿದೆ.

ಪುಸ್ತಕದ ದೊಡ್ಡ ಕೊರತೆ ವ್ಯಾಕರಣ. ಸಂಖ್ಯೆ ಕೊಡುವುದು ಪದದ ಮೂಲರೂಪವನ್ನು ಮಾತ್ರ. ಕಾಲ, ವಿಭಕ್ತಿ, ಪ್ರಯೋಗ ಯಾವುದೂ ಇಲ್ಲ. ಕೀರ್ತನೆ 119:7ರ ‘ಕಲಿ’, 119:12ರ ‘ಕಲಿಸು’ ಎರಡಕ್ಕೂ 3925 ಒಂದೇ. ಕನ್ನಡದಲ್ಲಿ ‘ಇಸು’ ಸೇರಿ ಆಗುವ ಬದಲಾವಣೆ ಹೀಬ್ರೂವಿನಲ್ಲಿ ಕ್ರಿಯಾಪದದ ಒಳಗಿನ ಅಚ್ಚು ಬದಲಾಗಿ ಆಗುತ್ತದೆ. ಸಂಖ್ಯೆಗೆ ಅದು ಕಾಣದು.

ಅರ್ಥವಿವರಣೆಗಳು ಹಳೆಯವು ಎಂಬುದು ಎರಡನೆಯ ಕೊರತೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಪಪೈರಸ್ (ಜೊಂಡಿನ ಹಾಳೆ) ಬರಹಗಳ ಅಗೆತ ಶುರುವಾದದ್ದು 1896ರಲ್ಲಿ, ಮೃತಸಮುದ್ರದ ಸುರುಳಿಗಳು ಸಿಕ್ಕದ್ದು 1947ರಲ್ಲಿ. ಹೊಸ ಒಡಂಬಡಿಕೆಯ ಗ್ರೀಕ್ ಅಂದಿನ ಪೇಟೆ-ಮನೆಗಳ ಆಡುಭಾಷೆಗೆ ಎಷ್ಟು ಹತ್ತಿರ ಎಂದು ತೋರಿಸಿದ ಆ ರಾಶಿ ಪಪೈರಸ್ ಪತ್ರಗಳು ಸ್ಟ್ರಾಂಗ್ ಅವರ ಕೈಗೆ ಸಿಕ್ಕಿರಲಿಲ್ಲ. ಸ್ಟ್ರಾಂಗ್ ಪದಸೂಚಿ ಬಂದ ನಾಲ್ಕು ವರ್ಷದ ನಂತರ, 1894ರಲ್ಲಿ, ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶವನ್ನು ಬಲ್ಲವರಿಗೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಕಿಟ್ಟೆಲ್ ಅರ್ಥದ ಜೊತೆ ಕಾವ್ಯದ, ಗಾದೆಯ ಪ್ರಯೋಗಗಳನ್ನೂ ಕೊಡುತ್ತಾರೆ. ಸ್ಟ್ರಾಂಗ್ ಕೊಡುವುದು ಒಂದೆರಡು ಸಾಲಿನ ಚುಟುಕು ಅರ್ಥ ಮಾತ್ರ. ಆದ್ದರಿಂದ ಸಂಖ್ಯೆಯನ್ನು ಹಿಡಿದುಕೊಂಡು ದೊಡ್ಡ ಕೋಶಕ್ಕೆ ಹೋಗಬೇಕು. ಹೀಬ್ರೂವಿಗೆ 1906ರ ಬ್ರೌನ್-ಡ್ರೈವರ್-ಬ್ರಿಗ್ಸ್ ಸಾಕಷ್ಟು ಭದ್ರ, ಸ್ಟ್ರಾಂಗ್ ಸಂಖ್ಯೆ ಸೇರಿಸಿದ ಮುದ್ರಣಗಳೂ ಇವೆ. ಗ್ರೀಕಿಗೆ ಥೇಯರ್ ಉಚಿತವಾಗಿ ಸಿಗುತ್ತದೆ, ಆದರೆ ಅದೂ ಪಪೈರಸ್‌ಗಿಂತ ಮುಂಚಿನದು. ಸೆಮಿನರಿಯ ಗ್ರಂಥಾಲಯ ಹತ್ತಿರವಿದ್ದರೆ ಬೌವರ್ ಕೋಶದ 2000ದ ಇಂಗ್ಲಿಷ್ ಆವೃತ್ತಿಯನ್ನೇ ನೋಡಿ.

ಪುಸ್ತಕವೋ ಮೊಬೈಲೋ? ರಾದಫ್ ಬಂದ ಎಲ್ಲ ಜಾಗಗಳನ್ನು ಅಚ್ಚಿನಲ್ಲಿ ನೋಡಬೇಕಾದರೆ ‘ಫಾಲೋ’, ‘ಪರ್ಸ್ಯೂ’, ‘ಪರ್ಸಿಕ್ಯೂಟ್’, ‘ಚೇಸ್’ ಎಂದು ಗೆರೆಯ ನಂತರದ ಪ್ರತಿ ಪದವನ್ನೂ ತೆರೆಯಬೇಕು. ಬ್ಲೂ ಲೆಟರ್ ಬೈಬಲ್‌ನಂಥ ಉಚಿತ ಆ್ಯಪ್‌ನಲ್ಲಿ ವಚನ ಮುಟ್ಟಿ, ಇಂಟರ್‌ಲೀನಿಯರ್ (ಮೂಲ ಪದ, ಅನುವಾದ ಜೊತೆಜೊತೆಗೆ ಕಾಣುವ ನೋಟ) ಆರಿಸಿ, ಸಂಖ್ಯೆ ಒತ್ತಿದರೆ ಎಲ್ಲವೂ ಒಂದೇ ಪುಟದಲ್ಲಿ ಇಳಿಯುತ್ತವೆ. ಕೇಂಬ್ರಿಜ್‌ನ ಟಿಂಡೇಲ್ ಹೌಸ್‌ನವರ ಸ್ಟೆಪ್ ಬೈಬಲ್ ಕೂಡ ಉಚಿತ, ವ್ಯಾಕರಣದ ಮಾಹಿತಿಯೂ ಅದರಲ್ಲಿದೆ. ಮೇಲೆ ಹೇಳಿದ ಕೊರತೆ ಅಲ್ಲಿ ಸ್ವಲ್ಪ ತುಂಬುತ್ತದೆ. ಹೀಬ್ರೂ ಪದವೊಂದರ ಜಾಡು ಹಿಡಿಯಲು ಆ್ಯಪ್ ಮೇಲು. ಆದರೆ ಒಂದೇ ಇಂಗ್ಲಿಷ್ ಪದದ ಕೆಳಗೆ ಎಷ್ಟು ಬೇರೆ ಬೇರೆ ಸಂಖ್ಯೆಗಳು ಅಡಗಿವೆ ಎಂದು ಒಂದೇ ನೋಟಕ್ಕೆ ಕಾಣುವುದು ಅಚ್ಚಿನ ಅಂಕಣದಲ್ಲೇ. ಪ್ರಸಂಗ ತಯಾರಿಸುವವರಿಗೆ ಎರಡೂ ಬೇಕು.

ಕೊಳ್ಳುವವರು ಮೂರು ವಿಷಯ ನೋಡಿಕೊಳ್ಳಿ. ಹೆಸರಿನಲ್ಲಿ ‘ಎಕ್ಸಾಸ್ಟಿವ್’ ಎಂದಿರಲಿ ಮತ್ತು ಹಿಂದೆ ಹೀಬ್ರೂ, ಗ್ರೀಕ್ ಭಾಗಗಳೆರಡೂ ಇರಲಿ. ‘ಕನ್ಸೈಸ್’ ಎಂಬ ಕಿರಿಯ ಮುದ್ರಣಗಳು ಈ ಕೆಲಸಕ್ಕೆ ಸಾಲವು. ಅಕ್ಷರದ ಗಾತ್ರವನ್ನು ಕಣ್ಣಾರೆ ನೋಡಿಯೇ ತೆಗೆದುಕೊಳ್ಳಿ, ಹಳೆಯ ಅಚ್ಚಿನ ಪಡಿಯಚ್ಚುಗಳು ಕಣ್ಣಿಗೆ ಕಷ್ಟ. ಹಳೆಯ ತಪ್ಪುಗಳನ್ನು ಕಂಪ್ಯೂಟರ್ ನೆರವಿನಿಂದ ತಿದ್ದಿ ಜೋಂಡರ್ವನ್ 2001ರಲ್ಲಿ ತಂದ ‘ಸ್ಟ್ರಾಂಗೆಸ್ಟ್ ಸ್ಟ್ರಾಂಗ್ಸ್’ ಸಿಕ್ಕರೆ ಅದೇ ಒಳ್ಳೆಯದು. ಎನ್‌ಐವಿ ಎಂಬ ಈಚಿನ ಇಂಗ್ಲಿಷ್ ಅನುವಾದದ ಪದಸೂಚಿ ಬಳಸುವುದು ಗುಡ್ರಿಕ್-ಕೋಲೆನ್‌ಬರ್ಗರ್ ಸಂಖ್ಯೆಗಳನ್ನು. ಅವು ಸ್ಟ್ರಾಂಗ್ ಸಂಖ್ಯೆಗಳಿಗೆ ಹೊಂದುವುದಿಲ್ಲ, ಎರಡನ್ನೂ ಒಂದೇ ಟಿಪ್ಪಣಿ ಪುಸ್ತಕದಲ್ಲಿ ಬೆರೆಸಬೇಡಿ.