ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನನ್ನ ಕಾರು ಸುಟ್ಟ ನಾಲ್ಕು ಗ್ಯಾಸ್ಕೆಟ್‌ಗಳು

ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಒಳಕ್ಕೆ ಹೆಚ್ಚು ಗಾಳಿ ತುರುಕುವ ಪಂಪು) ಹಾಕಿಸಿಕೊಂಡ ಕಾರಿನ ಬಾನೆಟ್ ಒಳಗಿಂದ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಟಿಕ್ ಟಿಕ್ ಎಂಬ ಸದ್ದು ಬಂದು, ಎಂಜಿನ್ ಬಿಸಿಯಾಗುತ್ತಿದ್ದಂತೆ ಅದು ತಾನಾಗಿಯೇ ಅಡಗಿದರೆ ದಯವಿಟ್ಟು ಸಮಾಧಾನಪಟ್ಟುಕೊಳ್ಳಬೇಡಿ. ನಾನು ಸಮಾಧಾನಪಟ್ಟುಕೊಂಡೆ. ಹದಿನಾಲ್ಕು ತಿಂಗಳಲ್ಲಿ ಹೊಗೆ ಹೊರಹೋಗುವ ಜೋಡಣೆಯ ಸಂದು ಮುಚ್ಚುವ ನಾಲ್ಕು ಎಕ್ಸಾಸ್ಟ್ ಗ್ಯಾಸ್ಕೆಟ್ ಸುಟ್ಟವು, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನೊಳಗೆ ಒಂದು ಸ್ಟಡ್ (ನಟ್ ಬಿಗಿಯುವ, ತಲೆಯಿಲ್ಲದ ಬೋಲ್ಟ್) ಮುರಿದು ಕುಳಿತಿತು, ಒಂದು ರಾತ್ರಿ ತಲೆ ಸಿಡಿಯುವ ನೋವಿನಲ್ಲಿ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಕೆಳಗಿಳಿಯಬೇಕಾಯಿತು. ಇಷ್ಟೆಲ್ಲ ಆದರೂ ತಪ್ಪು ಒಮ್ಮೆಯೂ ಗ್ಯಾಸ್ಕೆಟ್ಟಿನದಾಗಿರಲಿಲ್ಲ.

ಕಾರು ನಾಲ್ಕು ಸಿಲಿಂಡರಿನದು, ಎಂಜಿನ್ ಅಡ್ಡಲಾಗಿ ಕುಳಿತದ್ದು. ಕಾರ್ಖಾನೆಯಿಂದ ಬಂದಾಗ ಟರ್ಬೊ ಇರಲಿಲ್ಲ. ಮಾರ್ಪಾಡು ಮಾಡಿಕೊಟ್ಟವರು ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳನ್ನು ಬೆಸೆದು ಕೈಯಲ್ಲೇ ತಯಾರಿಸಿದ ಮ್ಯಾನಿಫೋಲ್ಡ್ (ನಾಲ್ಕೂ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಭಾಗ) ಕೂರಿಸಿ, ಅದರ ಮೇಲೆ ಟರ್ಬೊ ನಿಲ್ಲಿಸಿ, ಅಲ್ಲಿಂದ ಹಿಂದಿನ ಸೈಲೆನ್ಸರ್‌ವರೆಗೆ ಅಗಲವಾದ ಪೈಪು ಎಳೆದರು. ಬೆಸುಗೆಗಳು ನವಿಲಿನ ಕುತ್ತಿಗೆಯಂತೆ ನೀಲಿ, ನೇರಳೆ, ಹೊಂಬಣ್ಣಗಳಲ್ಲಿ ಹೊಳೆಯುತ್ತಿದ್ದವು. ನಾನು ಅದರ ಫೋಟೊ ತೆಗೆದು ನೋಡಿ ನೋಡಿ ಸಂತೋಷಪಟ್ಟೆ. ಅದನ್ನು ಹೆಡ್ಡಿಗೆ ಬಿಗಿಯುವ ಚಪ್ಪಟೆ ಲೋಹದ ಪಟ್ಟಿ, ಅಂದರೆ ಫ್ಲಾಂಜ್, ಎಷ್ಟು ದಪ್ಪವಿದೆ ಎಂದು ಮಾತ್ರ ಕೇಳಲಿಲ್ಲ.

ಮೊದಲ ಗ್ಯಾಸ್ಕೆಟ್ ಎರಡು ತಿಂಗಳು ಬಾಳಿತು. ಟಿಕ್ ಟಿಕ್ ಸದ್ದನ್ನು ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಸದ್ದೆಂದು ತಿಳಿದು ವಾಲ್ವ್ ಸಂದುಗಳನ್ನು ಅಳೆಸಿದೆ. ಎಲ್ಲವೂ ಸರಿಯಾಗಿಯೇ ಇದ್ದವು. ಕೊನೆಗೆ ಮ್ಯಾನಿಫೋಲ್ಡ್ ಬಿಚ್ಚಿದಾಗ ನಾಲ್ಕನೇ ಪೋರ್ಟಿನ (ಹೆಡ್ಡಿನಿಂದ ಹೊಗೆ ಹೊರಬರುವ ರಂಧ್ರದ) ಸುತ್ತ ಗ್ಯಾಸ್ಕೆಟ್ ಕರಗಿ ಹೋಗಿ, ಹೆಡ್ಡಿನ ಮೇಲೆ ಕಾಡಿಗೆಯಂಥ ಮಸಿಯ ಗೆರೆ ಮೂಡಿತ್ತು. 'ಗ್ಯಾಸ್ಕೆಟ್ ಕಳಪೆ' ಎಂದರು ಗ್ಯಾರೇಜಿನವರು. ಎರಡನೆಯದು ಹಲವು ಪದರಗಳ ಸ್ಟೀಲಿನದು. ಅದೂ ಅದೇ ಜಾಗದಲ್ಲಿ ಸೋರಿತು. ಮೂರನೆಯದು ತಾಮ್ರದ್ದು, ಜೊತೆಗೆ ಕೆಂಪು ಸಿಲಿಕೋನ್ ಸೀಲಂಟ್. ಈ ಸೀಲಂಟಿನ ವಿಷಯದಲ್ಲಿ ನನಗೆ ಇಂದಿಗೂ ಸಿಟ್ಟಿದೆ. ಅದು ಸುಮಾರು 340 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ ವಸ್ತು. ಟರ್ಬೊ ಇರುವ ಪೆಟ್ರೋಲ್ ಎಂಜಿನ್ನನ್ನು ಪೂರ್ಣ ಹೊರೆಯಲ್ಲಿ ಓಡಿಸಿದರೆ ಪೋರ್ಟಿನಿಂದ ಹೊರಬರುವ ಅನಿಲ 850ರಿಂದ 950 ಡಿಗ್ರಿಯಷ್ಟು ಬಿಸಿಯಿರುತ್ತದೆ. ಅದರ ಎದುರಿಗೆ ಸಿಲಿಕೋನ್ ಬಳಿಯುವುದೆಂದರೆ ಒಲೆಯ ಬಾಯಿಗೆ ಮೇಣ ಮೆತ್ತಿದ ಹಾಗೆ. ಹತ್ತು ದಿನದಲ್ಲಿ ಅದು ಪುಡಿಯಾಗಿ ಉದುರಿತು.

ನಾಲ್ಕನೆಯ ಸಲ ನಾನೇ ಸ್ಪ್ಯಾನರ್ ಹಿಡಿದೆ. ಸೋರುತ್ತಿದೆ ಎಂದರೆ ಸಡಿಲವಾಗಿದೆ ಎಂದರ್ಥ, ಸಡಿಲವಾಗಿದ್ದರೆ ಬಿಗಿ ಮಾಡಬೇಕು: ಇದು ನನ್ನ ತರ್ಕ. ನಾಲ್ಕನೇ ಪೋರ್ಟಿನ ಹೊರಗಿನ ಸ್ಟಡ್ ಇನ್ನರ್ಧ ಸುತ್ತು ತಿರುಗಿ, ಕೈಗೆ ಬೆಣ್ಣೆಯಂತೆ ಮೆತ್ತಗೆನಿಸಿ, ಟಕ್ಕೆಂದು ಮುರಿಯಿತು. ಆ ಮೆತ್ತಗಿನ ಅನುಭವ ಯಾರ ಕೈಗೂ ಬೇಡ.

ಈ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಅನಾಹುತ ನಡೆಯುತ್ತಿತ್ತು. ಸೋರಿಕೆ ಎಂದರೆ ಅನಿಲ ಹೊರಗೆ ಹೋಗುವುದು ಮಾತ್ರ ಎಂದು ನಾವು ತಿಳಿಯುತ್ತೇವೆ. ಆದರೆ ಎಕ್ಸಾಸ್ಟ್ ಅನಿಲ ನದಿಯಂತೆ ಒಂದೇ ಸಮನೆ ಹರಿಯುವುದಿಲ್ಲ, ಏಟು ಏಟಾಗಿ ಬರುತ್ತದೆ. ಎರಡು ಏಟುಗಳ ನಡುವೆ ಪೈಪಿನಲ್ಲಿ ಒತ್ತಡ ಕ್ಷಣಕಾಲ ಹೊರಗಿನ ಗಾಳಿಗಿಂತ ಕೆಳಗಿಳಿಯಬಹುದು. ಆಗ ಅದೇ ಬಿರುಕು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಐಡಲಿನಲ್ಲಿ, ಕಡಿಮೆ ಹೊರೆಯಲ್ಲಿ ಇದು ಹೆಚ್ಚು. ಮುಂದೆ ಕುಳಿತ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ನೋಡಿ 'ಪೆಟ್ರೋಲ್ ಸಾಲದು' ಎಂದು ವರದಿ ಮಾಡುತ್ತದೆ, ಎಂಜಿನ್ ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಸುರಿಯುತ್ತದೆ. ನನ್ನ ಕಾರಿಗೆ ಟ್ಯೂನಿಂಗ್ ಮಾಡಿದವರು ಸೋರುವ ಮ್ಯಾನಿಫೋಲ್ಡಿನ ಮೇಲೆಯೇ ಇಂಧನದ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಸುರಿಯಬೇಕೆಂಬ ಪಟ್ಟಿ) ಬರೆದರು. ಸ್ಪಾರ್ಕ್ ಪ್ಲಗ್‌ಗಳು ಮಸಿ ಹಿಡಿದವು, ಆಯಿಲ್ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಟರ್ಬೊ ಏಳುವುದೂ ತಡವಾಯಿತು, ಏಕೆಂದರೆ ಟರ್ಬೈನನ್ನು ತಿರುಗಿಸಬೇಕಾದ ಒತ್ತಡದ ಒಂದು ಪಾಲು ದಾರಿಯಲ್ಲೇ ಪೋಲಾಗುತ್ತಿತ್ತು. ಅದಕ್ಕೆ ಅವರು ಕೊಟ್ಟ ಮದ್ದು ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಏರಿಸುವುದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಸೋರುವ ಎಂಜಿನ್ನನ್ನು ಟ್ಯೂನ್ ಮಾಡಲು ಯಾರಾದರೂ ಒಪ್ಪಿದರೆ ಕಾರನ್ನು ಅಲ್ಲಿಂದ ವಾಪಸ್ ತನ್ನಿ.

ತಲೆನೋವಿನ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರಾಫಿಕ್ಕಿನಲ್ಲಿ ತೆವಳುತ್ತಿದ್ದೆ, ಕಿಟಕಿ ಮುಚ್ಚಿತ್ತು, ಬಾನೆಟ್ ಕೆಳಗಿನ ಗಾಳಿಯನ್ನು ಫ್ಯಾನ್ ಒಳಗೆಳೆಯುತ್ತಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೆಳಗಿಳಿದು ಅರ್ಧ ಗಂಟೆ ಹೊರಗಿನ ಗಾಳಿ ಕುಡಿದ ಮೇಲೆ ನೋವು ಇಳಿಯಿತು. ಆಮೇಲೆ ಸೋರಿಕೆ ನಿಲ್ಲುವವರೆಗೂ ಆ ಕಾರನ್ನು ಓಡಿಸಲಿಲ್ಲ.

ನಿಜವಾದ ಕಾರಣ ಹಿಡಿದವರು ಕಾರಿನ ಮಾರ್ಪಾಡಿನ ಗೊಡವೆಯೇ ಇಲ್ಲದ ಒಬ್ಬ ಲೇತ್ ಕೆಲಸಗಾರರು. ಮುರಿದ ಸ್ಟಡ್ ತೆಗೆಸಲು ಹೋಗಿದ್ದೆ. ಅವರು ಮ್ಯಾನಿಫೋಲ್ಡನ್ನು ಮಗುಚಿ, ಫ್ಲಾಂಜಿನ ಮುಖದ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ಬೆಳಕಿಗೆ ಹಿಡಿದರು. ನಡುವೆ ತಾಗುತ್ತಿತ್ತು, ಎರಡೂ ತುದಿಗಳಲ್ಲಿ ಬೆಳಕು ನುಸುಳುತ್ತಿತ್ತು. ಸಂದು ಅಳೆಯುವ ಫೀಲರ್ ಗೇಜಿನ 0.5 ಮಿಲಿಮೀಟರಿನ ಎಲೆ ತಡೆಯಿಲ್ಲದೆ ಒಳಗೆ ಹೋಯಿತು. ಕೂದಲೆಳೆಯಷ್ಟು ದಪ್ಪದ ಸಂದನ್ನೇ ಮುಚ್ಚಲು ತಿಣುಕುವ ಗ್ಯಾಸ್ಕೆಟ್ಟಿಗೆ ಅರ್ಧ ಮಿಲಿಮೀಟರ್ ಎಂದರೆ ಹೆಬ್ಬಾಗಿಲು.

ಬೆಸುಗೆ ತಣ್ಣಗಾಗುವಾಗ ಕುಗ್ಗುತ್ತದೆ. ಪೈಪುಗಳೆಲ್ಲ ಫ್ಲಾಂಜಿನ ಒಂದೇ ಬದಿಗೆ ಬೆಸೆದಿರುವುದರಿಂದ ಆ ಬದಿ ಕುಗ್ಗಿ ತುದಿಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಫ್ಲಾಂಜ್ ಬಿಲ್ಲಿನಂತೆ ಬಾಗುತ್ತದೆ. ಅದಕ್ಕೇ ಬಲ್ಲವರು ದಪ್ಪನೆಯ ಉಕ್ಕಿನ ಹಲಗೆಗೆ ಬೋಲ್ಟ್ ಬಿಗಿದು ಬೆಸೆಯುತ್ತಾರೆ, ಬೆಸೆದ ಮೇಲೆ ಮುಖವನ್ನು ಮತ್ತೆ ಸಮತಟ್ಟಾಗಿ ಹೆರೆಯುತ್ತಾರೆ. ನನ್ನದರಲ್ಲಿ ಎರಡೂ ನಡೆದಿರಲಿಲ್ಲ, ಮೇಲಾಗಿ ಫ್ಲಾಂಜಿನ ದಪ್ಪ 6 ಮಿಲಿಮೀಟರ್ ಮಾತ್ರ. ನಾನು ನಟ್ ಬಿಗಿದಾಗಲೆಲ್ಲ ಆ ಬಿಲ್ಲನ್ನು ಹೆದೆಯೇರಿಸುತ್ತಿದ್ದೆ. ತುದಿಯ ಸ್ಟಡ್ ಹಗಲು ರಾತ್ರಿ ಆ ಸೆಳೆತವನ್ನು ಹೊತ್ತಿತ್ತು, ಮುರಿದದ್ದರಲ್ಲಿ ಆಶ್ಚರ್ಯವೇನು?

ಬಿಸಿಯ ಲೆಕ್ಕ ಬೇರೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪ್ರತಿ ಡಿಗ್ರಿಗೆ, ಪ್ರತಿ ಮೀಟರಿಗೆ ಸುಮಾರು 17 ಮೈಕ್ರೊಮೀಟರ್ ಹಿಗ್ಗುತ್ತದೆ. 450 ಮಿಲಿಮೀಟರ್ ಉದ್ದದ ಫ್ಲಾಂಜ್ 300 ಡಿಗ್ರಿ ಬಿಸಿಯೇರಿದರೆ 2.3 ಮಿಲಿಮೀಟರ್ ಬೆಳೆಯುತ್ತದೆ. ನೀರಿನಿಂದ ತಂಪಾಗುವ ಅಲ್ಯೂಮಿನಿಯಂ ಹೆಡ್ ಅಷ್ಟು ಬಿಸಿಯಾಗದ ಕಾರಣ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಈ ವ್ಯತ್ಯಾಸಕ್ಕೆ ಜಾಗ ಬೇಕಲ್ಲ? ನಡುವಿನ ತೂತುಗಳು ಬಿಗಿಯಾಗಿದ್ದು, ತುದಿಯ ತೂತುಗಳು ಉದ್ದಕ್ಕೆ ಹಿಗ್ಗಿರಬೇಕು, ಫ್ಲಾಂಜ್ ಜಾರಿ ಮರಳಿ ಬರುವಂತಿರಬೇಕು. ನನ್ನದರಲ್ಲಿ ಎಂಟೂ ತೂತುಗಳು ಸ್ಟಡ್ಡಿಗೆ ಅಂಗಿ ಹೊಲಿಸಿದಂತೆ ಬಿಗಿಯಾಗಿದ್ದವು.

ಇಷ್ಟಕ್ಕೇ ಮುಗಿಯಲಿಲ್ಲ. ಅಡ್ಡ ಕುಳಿತ ಎಂಜಿನ್ ಪ್ರತಿ ಗೇರಿಗೂ ಹಿಂದಕ್ಕೂ ಮುಂದಕ್ಕೂ ತೊನೆಯುತ್ತದೆ. ಕಾರ್ಖಾನೆಯವರು ಆ ತೊನೆತಕ್ಕೆಂದೇ ಪೈಪಿನಲ್ಲಿ ಮಣಿಯುವ ಬೆಲ್ಲೋಸ್ ಕೀಲು ಇಟ್ಟಿದ್ದರು. 'ಅನಿಲದ ಓಟಕ್ಕೆ ಅಡ್ಡಿ' ಎಂದು ಮಾರ್ಪಾಡು ಮಾಡಿದವರು ಅದನ್ನು ಕತ್ತರಿಸಿ ಎಸೆದಿದ್ದರು, ನಾನೂ ತಲೆಯಾಡಿಸಿದ್ದೆ. ಇತ್ತ ಟರ್ಬೊಗೆ ಆಸರೆಯ ಬ್ರ್ಯಾಕೆಟ್ ಇರಲಿಲ್ಲ. ಟರ್ಬೊದ ಭಾರ, ಪೈಪಿನ ಎಳೆತ ಎರಡೂ ಸನ್ನೆಗೋಲಿನಂತೆ ಸೀದಾ ಆ ತೆಳ್ಳನೆಯ ಫ್ಲಾಂಜಿನ ಮೇಲೆ.

ಕೊನೆಗೆ ಮಾಡಿಸಿದ್ದು ಹೀಗೆ. ಹಳೆಯ ಫ್ಲಾಂಜ್ ಕತ್ತರಿಸಿ 12 ಮಿಲಿಮೀಟರ್ ದಪ್ಪದ ಹೊಸದನ್ನು ಬೆಸೆದು, ಬೆಸುಗೆಯ ನಂತರ ಮುಖವನ್ನು ಯಂತ್ರದಲ್ಲಿ ಹೆರೆಸಿದೆವು. ತುದಿಯ ತೂತುಗಳನ್ನು ಉದ್ದ ಮಾಡಿದೆವು. ಟರ್ಬೊಗೆ ಎಂಜಿನ್ ಬ್ಲಾಕಿನಿಂದ ಬ್ರ್ಯಾಕೆಟ್, ಟರ್ಬೊದಿಂದ ಕೆಳಗಿಳಿಯುವ ಡೌನ್‌ಪೈಪಿನಲ್ಲಿ ಬೆಲ್ಲೋಸ್. ಶಾಖ ತಾಳುವ ಹೊಸ ಸ್ಟಡ್ಡುಗಳನ್ನು ಹಾಕಿದೆವು. ಸಾಮಾನ್ಯ ಸ್ಟೇನ್‌ಲೆಸ್ ಸ್ಟಡ್ ಬಿಸಿಯಲ್ಲಿ ಸೊರಗಿ ಉದ್ದವಾಗುತ್ತದೆ, ನಟ್ಟಿನೊಡನೆ ಕಚ್ಚಿಕೊಂಡು ಬಿಡುವುದೂ ಇಲ್ಲ. ಗ್ಯಾಸ್ಕೆಟ್ ಮಾತ್ರ ಎರಡನೇ ಸಲ ಹಾಕಿದ್ದ ಅದೇ ಬಗೆಯ ಹಲವು ಪದರದ ಸ್ಟೀಲಿನದು, ಯಾವ ಸೀಲಂಟೂ ಇಲ್ಲದೆ ಒಣದಾಗಿ. ನಡುವಿನಿಂದ ತುದಿಗಳ ಕಡೆಗೆ, ಮೂರು ಹಂತಗಳಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದೆವು. ಮೊದಲ ಕೆಲವು ಓಟಗಳ ನಂತರ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದಾಗ ಎರಡು ನಟ್ಟುಗಳು ತುಸು ಸಡಿಲವಾಗಿದ್ದವು. ಇಂಧನದ ಮ್ಯಾಪನ್ನು ಮೊದಲಿನಿಂದ ಬರೆಸಬೇಕಾಯಿತು, ಹಳೆಯದು ಸೋರಿಕೆಯನ್ನು ನಂಬಿ ಬರೆದ ಸುಳ್ಳಲ್ಲವೇ.

ನಿಮ್ಮ ಕಾರಿನಲ್ಲಿ ಅನುಮಾನವಿದ್ದರೆ ಬಿಚ್ಚುವ ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ತಣ್ಣಗಿನ ಎಂಜಿನ್, ಇಗ್ನಿಷನ್ ಬಂದ್. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಸೈಲೆನ್ಸರಿನ ತುದಿಗೆ ಬಟ್ಟೆ ಸುತ್ತಿ ಕೂರಿಸಿ, ಜೋಡಣೆಗಳ ಮೇಲೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಎರಡನೇ ಸಲವೂ ಅದೇ ಪೋರ್ಟಿನಲ್ಲಿ ಗುಳ್ಳೆ ಎದ್ದರೆ ಹೊಸ ಗ್ಯಾಸ್ಕೆಟ್ ತರಲು ಓಡಬೇಡಿ. ನೇರಪಟ್ಟಿ ಇರುವವರನ್ನು ಹುಡುಕಿ, ಹೆಡ್ಡಿನ ಮುಖವನ್ನೂ ಅಳೆಸಿ.

ಈ ಐದನೇ ಗ್ಯಾಸ್ಕೆಟ್ ಕೂತು ಒಂದೂವರೆ ವರ್ಷವಾಯಿತು. ಬೆಳಗಿನ ಸ್ಟಾರ್ಟ್ ನಿಶ್ಶಬ್ದ. ಮುರಿದ ಸ್ಟಡ್ಡಿನ ತೂತಿಗೆ ಉಕ್ಕಿನ ಥ್ರೆಡ್ ಇನ್ಸರ್ಟ್ ಕೂರಿಸಿದ್ದಾರೆ. ಅದೊಂದರ ಮೇಲೆ ಮಾತ್ರ ನನಗೆ ಪೂರ್ತಿ ನಂಬಿಕೆ ಬಂದಿಲ್ಲ, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಅದರ ಸುತ್ತ ಮಸಿ ಇದೆಯೇ ಎಂದು ಇಣುಕುತ್ತೇನೆ.